ದಂಡು ಹೋದ ಮೇಲೆ ಉಳಿಯುವ ಬಾಕಿ

(ಕುದುರೆಮುಖದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಒಂದು ದೇಶ ಇನ್ನೊಂದರ ಮೇಲೆ ದಂಡೆತ್ತಿ ಹೋಗುತ್ತದೆ. ಗೆಲ್ಲುತ್ತದೆ, ಇಲ್ಲವೇ ಸೋತು ಹಿಂತಿರುಗುತ್ತದೆ. ಆಮೇಲೆ ಅದರ ಹೊಣೆ ಏನು? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ. ಯುದ್ಧ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಎಲ್ಲೆಡೆ ನಡೆಯುತ್ತದೆ. ಯುದ್ಧ ಮುಗಿದ ಮರುದಿನದ ಬಗ್ಗೆ ಮಾತಾಡುವವರು ಕಡಿಮೆ.

ಕುದುರೆಮುಖದಲ್ಲಿ ನಿಂತು ಇದನ್ನು ಕೇಳುವುದು ಅಸಂಗತವಲ್ಲ. ಈ ಊರಿನ ಹಣೆಬರಹ ಮೊದಲಿನಿಂದಲೂ ದೂರದ ದೇಶಗಳ ಏಳುಬೀಳಿಗೆ ಗಂಟುಬಿದ್ದಿತ್ತು. 1975ರ ನವೆಂಬರಿನಲ್ಲಿ ಇರಾನ್ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿದ್ದರಿಂದ ಇಲ್ಲಿ ಕಬ್ಬಿಣದ ಅದಿರಿನ ಗಣಿ ಬಂತು, 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರು ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕೆಂಬ ಕರಾರು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ದುಡ್ಡು ಬರುವುದು ನಿಂತಿತು. 1980ರಲ್ಲಿ ನಮ್ಮ ಸ್ಥಾವರ ಸಿದ್ಧವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಇರಾಕ್ ಇರಾನಿನ ಮೇಲೆ ಬಿತ್ತು. ಆ ಯುದ್ಧ ಎಂಟು ವರ್ಷ ನಡೆಯಿತು. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಇಲ್ಲಿಂದ ಎಸ್.ಕೆ. ಬಾರ್ಡರಿನಲ್ಲಿ ಶೃಂಗೇರಿ ರಸ್ತೆ ಹಿಡಿದು, ಕೆರೆಕಟ್ಟೆ, ನೆಮ್ಮಾರು ದಾಟಿದರೆ ಸಿಗುವ ಊರಿನಲ್ಲಿ ನಡೆದದ್ದನ್ನು ನೋಡೋಣ.

ಶೃಂಗೇರಿ, 1791

ಮೂರನೆಯ ಮೈಸೂರು ಯುದ್ಧದ ಕಾಲ. ಕಾರ್ನ್‌ವಾಲಿಸ್‌ನ ಇಂಗ್ಲಿಷ್ ಸೇನೆ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ, ಮೂವರೂ ಒಂದಾಗಿ ಮೈಸೂರಿನ ಮೇಲೆ ಬಂದಿದ್ದರು. ಉತ್ತರದಿಂದ ಬಂದ ಮರಾಠಾ ದಂಡಿಗೆ ಪರಶುರಾಮ ಭಾವು ಪಟವರ್ಧನ್ ನಾಯಕ. ಆ ದಂಡಿಗೆ ಸೇರಿದ ಪಿಂಡಾರಿ ಕುದುರೆ ಸವಾರರು 1791ರಲ್ಲಿ ಮಲೆನಾಡಿನೊಳಕ್ಕೆ ನುಗ್ಗಿ ಶೃಂಗೇರಿಯನ್ನು ದೋಚಿದರು. ಶಾರದೆಯ ಮೂರ್ತಿಯನ್ನು ಸ್ಥಾನಪಲ್ಲಟ ಮಾಡಿದರು. ಜನರನ್ನು ಕೊಂದರು. ಮಠದ ಸೊತ್ತು ಹೊತ್ತೊಯ್ದರು. ಆಗ ಪೀಠದಲ್ಲಿದ್ದ ಸಚ್ಚಿದಾನಂದ ಭಾರತೀ ಸ್ವಾಮಿಗಳು ಊರು ಬಿಟ್ಟು ಈ ಕಾಡಿನಾಚೆಯ ಕಾರ್ಕಳದಲ್ಲಿ ನೆಲೆ ನಿಲ್ಲಬೇಕಾಯಿತು.

ಅಲ್ಲಿಂದ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಕಾಗದ ಬರೆದರು. ಟಿಪ್ಪು ಕನ್ನಡದಲ್ಲಿ ಉತ್ತರ ಬರೆಸಿದ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದ ಕಡತಗಳಲ್ಲಿ ಆ ಕಾಗದಗಳನ್ನು ಗುರುತಿಸಿ ಬೆಳಕಿಗೆ ತಂದರು. ಅವುಗಳಲ್ಲಿ ಒಂದು ಸಂಗತಿಯನ್ನು ಮಾತ್ರ ಹತ್ತಿರದಿಂದ ನೋಡಿ. ಶಾರದೆಯ ಪುನಃಪ್ರತಿಷ್ಠೆಗಾಗಿ ನಗರ ಪ್ರಾಂತ್ಯದ ಅಸಫನಿಗೆ, ಅಂದರೆ ಅಲ್ಲಿನ ಅಧಿಕಾರಿಗೆ, ಆದೇಶ ಹೋಗುತ್ತದೆ: 200 ರಹತಿ (ಅಂದಿನ ನಾಣ್ಯ) ನಗದು, 200 ರಹತಿ ಬೆಲೆಯ ದವಸಧಾನ್ಯ ಕೊಡತಕ್ಕದ್ದು. ಇಷ್ಟು ನಗದು, ಇಷ್ಟು ಧಾನ್ಯ, ಕೊಡಬೇಕಾದವರು ಇಂಥವರು. ಬರಿಯ ಸಾಂತ್ವನದ ಮಾತಿಗೆ ನಿಲ್ಲದೆ ಅದು ಆಡಳಿತದ ಲೆಕ್ಕಕ್ಕೆ ಇಳಿದಿತ್ತು.

ಈ ನೆರವಿಗೆ ರಾಜಕೀಯ ಕಾರಣಗಳೂ ಇದ್ದವು. ಶತ್ರುಗಳ ನಾಶಕ್ಕಾಗಿ ಜಪ, ಚಂಡೀಹವನ ಮಾಡಿಸಿಕೊಡಿ ಎಂದು ಅದೇ ಪತ್ರಗಳಲ್ಲಿ ಟಿಪ್ಪು ಕೇಳಿಕೊಂಡಿದ್ದಾನೆ. ಶೃಂಗೇರಿಗೆ ಕೊಟ್ಟ ಇದೇ ದೊರೆ ಕೊಡಗಿನ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋಗಿ ಸಾವಿರಾರು ಜನರನ್ನು ಸೆರೆ ಒಯ್ದ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಘಾಟಿ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚಿದರೆ ಇಲ್ಲಿ ನಿಂತು ನೀತಿಯ ಮಾತಾಡುವ ಹಕ್ಕು ನನಗಿರುವುದಿಲ್ಲ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಶೃಂಗೇರಿಯನ್ನು ದೋಚಿದವನು ಟಿಪ್ಪುವಲ್ಲ. ಹಾನಿ ಮಾಡಿದವರು ಒಬ್ಬರು, ತುಂಬಿಕೊಡಲು ಮುಂದೆ ಬಂದವರು ಇನ್ನೊಬ್ಬರು.

ಹಾಗಾದರೆ ಹಾನಿ ಮಾಡಿದವರ ಪಾಲಿನದೇನು? ಅದು ಪಿಂಡಾರಿಗಳ ಕೆಲಸ, ಸೇನಾಪತಿಯ ಅಪ್ಪಣೆ ಇರಲಿಲ್ಲ ಎಂದು ಅಂದಿನಿಂದ ಇಂದಿನವರೆಗೆ ಹೇಳುತ್ತ ಬಂದಿದ್ದಾರೆ. ಅಪ್ಪಣೆ ಇಲ್ಲದಿದ್ದದ್ದು ನಿಜವೇ ಇರಬಹುದು. ಆದರೆ ಪಿಂಡಾರಿಗಳು ದಂಡಿನ ಬೆನ್ನಿಗೆ ಬಂದದ್ದು ಯಾರ ಒಪ್ಪಿಗೆಯಿಂದ? ಅವರಿಗೆ ಸಂಬಳವಿರಲಿಲ್ಲ, ಕೊಳ್ಳೆಯೇ ಸಂಬಳ. ಕೊಳ್ಳೆ ಹೊಡೆದು ಬದುಕುವವರನ್ನು ಜೊತೆಗೆ ಕರೆತಂದು, ಕೊಳ್ಳೆ ಆದ ಮೇಲೆ ನನಗೆ ಗೊತ್ತಿಲ್ಲ ಎಂದರೆ ಯಾವ ಪಂಚಾಯಿತಿ ಒಪ್ಪುತ್ತದೆ? ನಮ್ಮ ಕಾಲದಲ್ಲೂ ಇದೇ ವಾದ ನಡೆಯುತ್ತಿದೆ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ 17 ಮಂದಿ ನಾಗರಿಕರನ್ನು ಗುಂಡಿಟ್ಟು ಕೊಂದವರು ಅಮೆರಿಕದ ಸೈನಿಕರಲ್ಲ, ಗುತ್ತಿಗೆಗೆ ತಂದ ಬ್ಲ್ಯಾಕ್‌ವಾಟರ್ ಕಂಪನಿಯ ಕಾವಲುಗಾರರು. ಅವರಲ್ಲಿ ನಾಲ್ವರಿಗೆ ಅಮೆರಿಕದ ನ್ಯಾಯಾಲಯವೇ ಶಿಕ್ಷೆ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷರು ಕ್ಷಮೆ ನೀಡಿ ಬಿಡುಗಡೆ ಮಾಡಿದರು. ಬಾಡಿಗೆಯ ಕೈಯಿಂದ ಮಾಡಿಸಿದರೂ ಪಾಪ ಮಾಡಿಸಿದವರದೇ. ಹೊಣೆಯ ಮೊದಲ ಮಾತು ಇದು.

ಪರಿಹಾರ ಯಾರಿಗೆ ಹೋಯಿತು

ಶೃಂಗೇರಿಯ ಕೊಳ್ಳೆಯಾದ ಮರುವರ್ಷ, 1792ರ ಮಾರ್ಚಿನಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಅದರಲ್ಲಿ ಯುದ್ಧಪರಿಹಾರದ ಕಲಮು ಇತ್ತು: 3 ಕೋಟಿ 30 ಲಕ್ಷ ರೂಪಾಯಿ. ಆದರೆ ಕೊಡಬೇಕಾದವನು ಟಿಪ್ಪು, ಪಡೆಯುವವರು ದಂಡೆತ್ತಿ ಬಂದ ಮೂವರು. ಅದರ ಮೇಲೆ ಅರ್ಧ ರಾಜ್ಯ. ಹಣ ಪೂರ್ತಿ ಸಲ್ಲುವ ತನಕ ಅವನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಮದ್ರಾಸಿಗೆ. ಇಡೀ ಒಪ್ಪಂದದಲ್ಲಿ ಶೃಂಗೇರಿಯ ಹೆಸರಿಲ್ಲ. ಉರಿಯುವ ಮನೆಯ ಗಳ ಹಿರಿದಂತೆ, ದಂಡಿನ ತುಳಿತಕ್ಕೆ ಸಿಕ್ಕ ನಾಡಿನಿಂದಲೇ ದಂಡಿನ ಖರ್ಚನ್ನೂ ಲಾಭವನ್ನೂ ಎಳೆದುಕೊಂಡರು. ಆ ಕೋಟಿಗಳು ಕೊನೆಗೆ ಬಂದದ್ದು ಅರಮನೆಯ ಗೋಡೆಯೊಳಗಿಂದಲ್ಲ, ರೈತರ ಕಂದಾಯದಿಂದ.

1799ರಲ್ಲಿ ಟಿಪ್ಪು ಸತ್ತ ಮೇಲೆ ಇದೇ ಪದ್ಧತಿ ಖಾಯಂ ಆಯಿತು. ಮೈಸೂರನ್ನು ಒಡೆಯರಿಗೆ ಹಿಂದಿರುಗಿಸುವಾಗ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ 7 ಲಕ್ಷ ವರಹದ ಪೊಗದಿ ಬರೆಸಿಕೊಂಡಿತು. ಮೈಸೂರಿನ ನೆಲದಲ್ಲಿ ಕೂರಿಸಿದ ಇಂಗ್ಲಿಷ್ ಪಡೆಯ ಖರ್ಚು ಅದು. ಕಂದಾಯದ ಒತ್ತಡ ಏರುತ್ತ ಹೋಗಿ, 1830ರ ಹೊತ್ತಿಗೆ ನಗರದ ಸೀಮೆಯಲ್ಲಿ ರೈತರು ಕೂಟ ಕಟ್ಟಿದರು. ನಮ್ಮದೇ ಜಿಲ್ಲೆಯ ತರೀಕೆರೆಯ ಪಾಳೆಯಗಾರ ಮನೆತನವೂ ದಂಗೆಗೆ ಇಳಿಯಿತು. ದಂಗೆ ಅಡಗಿದ ಮೇಲೆ 1831ರಲ್ಲಿ, ಆಡಳಿತ ಹದಗೆಟ್ಟಿದೆ ಎಂಬ ಕಾರಣ ಕೊಟ್ಟು, ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯವನ್ನೇ ಕೈಗೆ ತೆಗೆದುಕೊಂಡ. ದುರಾಡಳಿತ ಇದ್ದದ್ದು ಹೌದು. ಆದರೆ ಆ ಆಡಳಿತದ ಬೆನ್ನ ಮೇಲೆ 7 ಲಕ್ಷ ವರಹದ ಹೊರೆ ಹೊರಿಸಿದವರೇ ಅದು ಕುಸಿದಾಗ ತೀರ್ಪು ಹೇಳಲು ಕೂತರು. ಇವತ್ತಿಗೂ ಆಕ್ರಮಿಸಿದವರು, ನೋಡಿ, ಇವರಿಗೆ ತಮ್ಮನ್ನು ತಾವು ಆಳಿಕೊಳ್ಳಲು ಬರುವುದಿಲ್ಲ ಎಂದಾಗ ನನಗೆ ನಗರದ ಕೂಟಗಳ ನೆನಪಾಗುತ್ತದೆ.

ಹೊಣೆಯ ಎರಡನೆಯ ಮಾತು ಹೀಗೆ ತಾನಾಗಿ ಸಿಗುತ್ತದೆ. ಹಾನಿಗೆ ಸಿಕ್ಕವರ ಕೈಗೆ ಪರಿಹಾರ ಸೇರಬೇಕು, ಹಾನಿ ಮಾಡಿದವರ ಬೊಕ್ಕಸದಿಂದ ಅದು ಬರಬೇಕು. ಗೆದ್ದ ಸರ್ಕಾರ ಸೋತ ಸರ್ಕಾರದಿಂದ ಕಿತ್ತುಕೊಳ್ಳುವ ಮೊತ್ತಕ್ಕೆ ಪರಿಹಾರ ಎಂಬ ಹೆಸರಿದ್ದರೂ ಅದು ಕೊಳ್ಳೆಯ ಮುಂದುವರಿಕೆಯೇ.

ಪಶ್ಚಾತ್ತಾಪದ ಬೆಲೆ

ದಂಡಯಾತ್ರೆ ಮಾಡಿದ ದೊರೆಗಳಲ್ಲಿ ಪಶ್ಚಾತ್ತಾಪಪಟ್ಟವನು ಎಂದು ನಾವು ಮಕ್ಕಳಿಗೆ ಅಶೋಕನ ಪಾಠ ಹೇಳುತ್ತೇವೆ. ಹೇಳಲೇಬೇಕು. ಅವನ ಹದಿಮೂರನೆಯ ಶಿಲಾಶಾಸನ ಲೋಕದ ಇತಿಹಾಸದಲ್ಲೇ ಅಪರೂಪದ್ದು. ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದದ್ದು, ಒಂದು ಲಕ್ಷ ಜನರನ್ನು ಕೊಂದದ್ದು, ಅದರ ಎಷ್ಟೋ ಪಟ್ಟು ಜನ ಬೇರೆ ರೀತಿಯಲ್ಲಿ ಸತ್ತದ್ದು, ಎಲ್ಲವನ್ನೂ ಗೆದ್ದ ದೊರೆಯೇ ಕಲ್ಲಿನ ಮೇಲೆ ಕೆತ್ತಿಸಿದ. ತನ್ನ ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ತಾನೇ ಒಪ್ಪಿ ಬರೆಸುವುದು ದೊಡ್ಡ ಧೈರ್ಯ.

ಆದರೆ ಆ ಶಾಸನ ಎಲ್ಲಿಲ್ಲ ಎಂಬುದನ್ನೂ ಗಮನಿಸಬೇಕು. ಕಳಿಂಗದ ನೆಲದಲ್ಲಿರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಹದಿಮೂರನೆಯ ಶಾಸನವನ್ನು ಕೆತ್ತಿಸಿಲ್ಲ. ಅದರ ಜಾಗದಲ್ಲಿ ಅಧಿಕಾರಿಗಳಿಗೆ ಬರೆದ ಎರಡು ಪ್ರತ್ಯೇಕ ಶಾಸನಗಳಿವೆ. ಕಳಿಂಗದ ಹೊರಗೆ ಆ ಪ್ರತ್ಯೇಕ ಶಾಸನಗಳು ಸಿಕ್ಕಿರುವುದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಭೀಮಾ ತೀರದ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು 1980ರ ದಶಕದಲ್ಲಿ ಗೊತ್ತಾಯಿತು. ಪೀಠಕ್ಕಾಗಿ ನಡುವೆ ಚೌಕವಾಗಿ ಕೊರೆದ ಆ ಹಲಗೆಗಲ್ಲಿನಲ್ಲೂ ಹದಿಮೂರನೆಯ ಶಾಸನವಿಲ್ಲ.

ಗೆದ್ದ ದೊರೆ ತನ್ನ ದುಃಖವನ್ನು ದೂರದೂರದ ಎಷ್ಟೋ ಪ್ರಾಂತ್ಯಗಳಿಗೆ ಹೇಳಿದ, ಸೋತವರ ಊರಿನ ಬಂಡೆಯ ಮೇಲೆ ಬರೆಸಲಿಲ್ಲ. ಕಾರಣ ಏನೇ ಇರಲಿ, ಕಳಿಂಗದ ತಾಯಿಯೊಬ್ಬಳು ತನ್ನ ಊರಿನ ಬಂಡೆಯ ಮುಂದೆ ನಿಂತಾಗ ಅವಳ ಸತ್ತ ಮಗನ ಬಗ್ಗೆ ಅಲ್ಲಿ ಒಂದಕ್ಷರವೂ ಇರಲಿಲ್ಲ. ಸೆರೆ ಒಯ್ದ ಒಂದೂವರೆ ಲಕ್ಷ ಜನರನ್ನು ಮನೆಗೆ ಕಳಿಸಿದೆ ಎಂಬ ಮಾತು ಯಾವ ಶಾಸನದಲ್ಲೂ ಇಲ್ಲ. ಪ್ರತ್ಯೇಕ ಶಾಸನಗಳಲ್ಲಿ ಒಳ್ಳೆಯ ಆಡಳಿತದ ಕಟ್ಟಪ್ಪಣೆಗಳಿವೆ: ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ, ಕೋಪ ಆತುರ ಸೋಮಾರಿತನ ಬಿಡಿ. ಇವು ನಿಜಕ್ಕೂ ಬೆಲೆಯುಳ್ಳ ಮಾತುಗಳು. ಆದರೂ ಒಳ್ಳೆಯ ಆಡಳಿತ ಕೊಡುವುದು ಬೇರೆ, ಆದ ಅನ್ಯಾಯವನ್ನು ಅನ್ಯಾಯಕ್ಕೊಳಗಾದವರ ಎದುರಿಗೆ ಒಪ್ಪಿ ಹಿಂತಿರುಗಿಸಬಹುದಾದದ್ದನ್ನು ಹಿಂತಿರುಗಿಸುವುದು ಬೇರೆ. ಮೊದಲನೆಯದು ಎರಡನೆಯದರ ಬದಲಿಗೆ ಸಲ್ಲುವುದಿಲ್ಲ. ರಸ್ತೆ ಹಾಕಿಸಿದೆವು, ಶಾಲೆ ಕಟ್ಟಿಸಿದೆವು ಎಂದು ಹೇಳುವ ಎಲ್ಲ ಸಾಮ್ರಾಜ್ಯಗಳಿಗೂ ಈ ಮಾತು ಅನ್ವಯಿಸುತ್ತದೆ.

ಹಕ್ಕು ಮತ್ತು ದಯೆ

1907ರ ಹೇಗ್ ಒಡಂಬಡಿಕೆಯಲ್ಲಿ ಈ ಹೊಣೆ ಕಾನೂನಿನ ರೂಪಕ್ಕೆ ಬಂತು. ಕೊಳ್ಳೆ ನಿಷಿದ್ಧ. ಧಾರ್ಮಿಕ, ಶೈಕ್ಷಣಿಕ ಸಂಸ್ಥೆಗಳ ಸೊತ್ತನ್ನು ಮುಟ್ಟುವಂತಿಲ್ಲ. ನಿಯಮ ಮುರಿದ ದೇಶ ಪರಿಹಾರ ಕೊಡಬೇಕು, ತನ್ನ ಪಡೆಗೆ ಸೇರಿದ ಎಲ್ಲರ ಕೃತ್ಯಕ್ಕೂ ಅದೇ ಹೊಣೆ. ಶೃಂಗೇರಿಗೆ 1791ರಲ್ಲಿ ಸಿಗದ ಉತ್ತರ ಅಲ್ಲಿ ಬರಹದಲ್ಲಿದೆ. ಅದು ಆಚರಣೆಗೆ ಬಂದದ್ದು ಹೇಗೆ ಎನ್ನುವುದಕ್ಕೆ ಇರಾಕಿನ ಕಥೆಯಷ್ಟು ಪಾಠ ಹೇಳುವುದು ಬೇರೊಂದಿಲ್ಲ.

1980ರಲ್ಲಿ ಇರಾಕ್ ಇರಾನಿನ ಮೇಲೆ ಬಿದ್ದದ್ದನ್ನು ಹೇಳಿದೆ. ಆ ಯುದ್ಧ ಆರಂಭಿಸಿದ ಹೊಣೆ ಇರಾಕಿನದೇ ಎಂದು 1991ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ವರದಿ ಕೊಟ್ಟರು. ಇರಾನಿಗೆ ಪರಿಹಾರ ಸಿಗಲಿಲ್ಲ. ಅದೇ ಇರಾಕ್ 1990ರ ಆಗಸ್ಟ್ 2ರಂದು ಕುವೈತಿನ ಮೇಲೆ ಬಿದ್ದಾಗ ವಿಶ್ವಸಂಸ್ಥೆ ಪರಿಹಾರ ಆಯೋಗವನ್ನೇ ನೇಮಿಸಿತು. ಇರಾಕಿನ ತೈಲದ ಆದಾಯದಲ್ಲಿ ಪಾಲು ಹಿಡಿದು ಒಟ್ಟು 5,240 ಕೋಟಿ ಡಾಲರ್ ಹಂಚಲಾಯಿತು. ಕೊನೆಯ ಕಂತು ಸಂದಾಯವಾದದ್ದು 2022ರಲ್ಲಿ.

ಆ ಹಣದ ಒಂದು ಪಾಲು ನಮ್ಮ ಕರಾವಳಿಗೂ ಬಂತು. ಕುವೈತಿನಲ್ಲಿ ದುಡಿಯುತ್ತಿದ್ದ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಜನ ಗಂಟುಮೂಟೆ ಬಿಟ್ಟು ಮರುಭೂಮಿ ದಾಟಿ, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬೈಗೆ ಬಂದಿಳಿದವರು. ಅವರು ಭಾರತ ಸರ್ಕಾರದ ಮೂಲಕ ಅರ್ಜಿ ಹಾಕಿದರು. ‘ಎ’ ವರ್ಗದ ಆ ಅರ್ಜಿಯಲ್ಲಿ ಮುಖ್ಯವಾಗಿ ತೋರಿಸಬೇಕಾದದ್ದು, 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ನಡುವೆ ಇರಾಕ್ ಅಥವಾ ಕುವೈತ್ ಬಿಟ್ಟು ಬರಬೇಕಾಯಿತು ಎಂಬುದನ್ನು. ಬೇರೆ ವರ್ಗದಲ್ಲಿ ಅರ್ಜಿ ಹಾಕುವುದಿಲ್ಲ ಎಂದು ಬರೆದುಕೊಟ್ಟವರಿಗೆ 4,000 ಡಾಲರ್, ಕುಟುಂಬಕ್ಕಾದರೆ 8,000. ಬ್ಯಾಂಕ್ ಮ್ಯಾನೇಜರನಿಗೂ ಮನೆಗೆಲಸದ ಹೆಂಗಸಿಗೂ ಒಂದೇ ದರ. ಹಣ ಬರಲು ವರ್ಷಗಳೇ ಹಿಡಿದವು, ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಎಷ್ಟೋ ಜನರಿಗೆ ಅದು ಕಡಿಮೆಯೇ. ಆದರೂ ಒಂದು ದೇಶದ ಅತಿಕ್ರಮಣದಿಂದ ಬೀದಿಗೆ ಬಿದ್ದ ಕೂಲಿಕಾರ, ಯಾವ ದೊರೆಯ ಕಾಲಿಗೂ ಬೀಳದೆ, ಅರ್ಜಿ ಸಂಖ್ಯೆ ಹಿಡಿದು, ಇದು ನನಗೆ ಬರಬೇಕಾದದ್ದು ಎಂದು ಪಡೆದ. ಇತಿಹಾಸದಲ್ಲಿ ಇದು ತೀರಾ ವಿರಳ.

ಈಗ ಇನ್ನೊಂದು ಮುಖ. 2003ರ ಮಾರ್ಚಿನಲ್ಲಿ ಅಮೆರಿಕ, ಬ್ರಿಟನ್ ಇರಾಕಿನ ಮೇಲೆ ಬಿದ್ದವು. ಯುದ್ಧಕ್ಕೆ ಕೊಟ್ಟ ಕಾರಣ, ಅಂದರೆ ಸಾಮೂಹಿಕ ವಿನಾಶದ ಅಸ್ತ್ರಗಳು, ಸಿಗಲಿಲ್ಲ. ಏಪ್ರಿಲಿನಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯ ದೋಚಿಹೋಯಿತು. ಮೇ ತಿಂಗಳಲ್ಲಿ ಭದ್ರತಾ ಮಂಡಳಿಯ 1483ನೆಯ ನಿರ್ಣಯ ಈ ಎರಡು ದೇಶಗಳನ್ನು ಆಕ್ರಮಿತ ನೆಲದ ಹೊಣೆ ಹೊತ್ತವರೆಂದು ಗುರುತಿಸಿತು. ಇರಾಕಿನ ತೈಲದ ಆದಾಯದ ಶೇ. 5ರಷ್ಟು ಕುವೈತಿನ ಪರಿಹಾರಕ್ಕೆ ಹೋಗುತ್ತಲೇ ಇರಬೇಕೆಂದೂ ಅದೇ ನಿರ್ಣಯ ಹೇಳಿತು. ಇರಾಕಿಗಾದ ನಷ್ಟವನ್ನು ತುಂಬಿಸಿಕೊಡಲು ಅಂಥ ಆಯೋಗ ಹುಟ್ಟಲಿಲ್ಲ. ಅಮೆರಿಕದ ಸೈನ್ಯದ ಕೈಯಲ್ಲಿ ಸತ್ತ ನಾಗರಿಕರ ಮನೆಗಳಿಗೆ ಕೆಲವೆಡೆ ಸಂತಾಪದ ಹಣ ಕೊಟ್ಟರು, ಸಾವಿಗೆ ಸಾಮಾನ್ಯವಾಗಿ 2,500 ಡಾಲರ್ ವರೆಗೆ. ತಪ್ಪು ನಮ್ಮದು ಎಂದು ಒಪ್ಪದೆ ಕೊಟ್ಟ ಹಣ ಅದು.

ಕುವೈತಿನ ಪರಿಹಾರದಲ್ಲೂ ‘ಬಿ’ ವರ್ಗದಲ್ಲಿ ಮನೆಯವರ ಸಾವಿಗೆ ಗೊತ್ತುಮಾಡಿದ ಮೊತ್ತ 2,500 ಡಾಲರೇ. ಮೊತ್ತ ಅದೇ, ಆದರೆ ಒಂದು ಹಕ್ಕಾಗಿ ಬಂತು, ಇನ್ನೊಂದು ದಯೆಯಾಗಿ. ಹಕ್ಕಾಗಿ ಬಂದ ಹಣದಲ್ಲಿ ನಿನಗೆ ಅನ್ಯಾಯವಾಗಿದೆ ಎಂಬ ಒಪ್ಪಿಗೆ ಇದೆ. ದಯೆಯಾಗಿ ಬಂದದ್ದರಲ್ಲಿ ಅದಿಲ್ಲ. ಮಗನನ್ನು ಕಳೆದುಕೊಂಡವರಿಗೆ ಡಾಲರುಗಳಿಗಿಂತ ಆ ಒಪ್ಪಿಗೆ ಮುಖ್ಯ. ಜರ್ಮನಿ 2021ರಲ್ಲಿ ನಮೀಬಿಯಕ್ಕೆ, 1904ರಿಂದ 1908ರವರೆಗೆ ಅಲ್ಲಿ ತನ್ನ ಪಡೆ ನಡೆಸಿದ ನರಮೇಧವನ್ನು ಒಪ್ಪಿ, 110 ಕೋಟಿ ಯೂರೋ ಕೊಡುತ್ತೇವೆಂದಿತು. ಆದರೆ ಅದನ್ನು ಪರಿಹಾರ ಎನ್ನದೆ ಅಭಿವೃದ್ಧಿ ನೆರವು ಎಂದಿತು. ಆ ನರಮೇಧಕ್ಕೆ ತುತ್ತಾದ ಹೆರೆರೊ, ನಾಮಾ ಜನರ ಮುಖಂಡರಲ್ಲಿ ಹಲವರು ಅದನ್ನು ತಿರಸ್ಕರಿಸಿದ್ದಕ್ಕೆ ಇದರ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಹಾನಿ ಆದದ್ದು ನಮಗೆ, ಮಾತುಕತೆಯ ಮೇಜಿನಲ್ಲಿ ನಮಗೆ ಕುರ್ಚಿಯಿಲ್ಲ.

ಇಷ್ಟು ಹಳೆಯದಕ್ಕೆ ಇಂದಿನವರು ಏಕೆ ತೆರಬೇಕು ಎಂಬ ಪ್ರಶ್ನೆ ನಿಮ್ಮಲ್ಲೂ ಎದ್ದಿರಬಹುದು. ಮೊದಲನೆಯ ಮಹಾಯುದ್ಧದ ಪರಿಹಾರಕ್ಕಾಗಿ ಎತ್ತಿದ ಸಾಲಪತ್ರಗಳ ಕೊನೆಯ ಕಂತನ್ನು ಜರ್ಮನಿ ಕಟ್ಟಿದ್ದು 2010ರ ಅಕ್ಟೋಬರ್ 3ರಂದು. ಸಾಲ ಕೊಟ್ಟವರ ಬಾಕಿಯನ್ನು ಎಂಬತ್ತು ವರ್ಷ ನೆನಪಿಟ್ಟುಕೊಳ್ಳಲು ಸರ್ಕಾರಗಳಿಗೆ ಬರುತ್ತದೆ. ದೊರೆ ಸತ್ತರೂ ರಾಜ್ಯ ಸಾಯುವುದಿಲ್ಲ. ಹಿಂದಿನವರು ಗಳಿಸಿದ ನೆಲ, ನಿಧಿ, ಕೀರ್ತಿಗಳನ್ನು ಉಳಿಸಿಕೊಳ್ಳುವ ದೇಶ ಅವರು ಉಳಿಸಿಹೋದ ಬಾಕಿಯನ್ನೂ ಹೊರಬೇಕು.

ನಮ್ಮ ಲೆಕ್ಕ

ಬೇರೆ ದೇಶಗಳ ಲೆಕ್ಕ ತೆಗೆದು ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಮಾತಾಗುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಕ್ಕೆ ಹೋಯಿತು, 17ರಂದು ನಿಜಾಮ ಶರಣಾದ. ನಿಜಾಮನ ಪರ ನಿಂತ ರಜಾಕಾರರ ಪಡೆಯ ದೌರ್ಜನ್ಯದಿಂದ ನಲುಗಿದ್ದ ಬೀದರ್, ಕಲಬುರಗಿ, ರಾಯಚೂರಿನ ಜನಕ್ಕೆ ಅದು ವಿಮೋಚನೆ. ಆ ಸೇರ್ಪಡೆ ಸರಿಯಾದದ್ದೆಂದೇ ನಾನು ನಂಬಿದ್ದೇನೆ, ಹೈದರಾಬಾದನ್ನು ಪರದೇಶ ಎಂದು ಕರೆಯುವುದಿಲ್ಲ. ಆದರೆ ಒಂದು ಸರ್ಕಾರದ ದಂಡು ಇನ್ನೊಂದು ಆಡಳಿತದ ನೆಲವನ್ನು ಕೈಗೆ ತೆಗೆದುಕೊಂಡಾಗ ಅಲ್ಲಿನ ಪ್ರತಿಯೊಂದು ಜೀವದ ಹೊಣೆಯೂ ಅದರ ಹೆಗಲಿಗೆ ಬರುತ್ತದೆ.

ಶರಣಾಗತಿಯ ನಂತರ ಮುಸ್ಲಿಮರ ಮೇಲೆ ಭಾರಿ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹಳ್ಳಿಗಳಲ್ಲಿ ಸುತ್ತಾಡಿ, ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಬೀದರ್ ಮತ್ತು ಕಲಬುರಗಿ. ಕೆಲವೆಡೆ ಸೈನಿಕರು, ಪೊಲೀಸರು ಜನರನ್ನು ಕಾಪಾಡಿದರು, ಕೆಲವೆಡೆ ಕೊಲೆ ಸುಲಿಗೆಯಲ್ಲಿ ತಾವೇ ಕೈಜೋಡಿಸಿದರು ಎಂದು ವರದಿ ಎರಡನ್ನೂ ಬರೆಯಿತು. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಸಿಕ್ಕಿದ್ದು 2013ರಲ್ಲಿ, ಅರವತ್ತೈದು ವರ್ಷದ ಮೇಲೆ.

ಪ್ರತಿ ಸೆಪ್ಟೆಂಬರ್ 17ರಂದು ನಾವು ಕಲ್ಯಾಣ ಕರ್ನಾಟಕ ಉತ್ಸವ ಆಚರಿಸುತ್ತೇವೆ, ಧ್ವಜ ಹಾರಿಸುತ್ತೇವೆ. ಆಚರಿಸೋಣ. ರಜಾಕಾರರ ಕೈಯಲ್ಲಿ ಸತ್ತವರನ್ನು ನೆನೆಯೋಣ. ಅದೇ ವೇದಿಕೆಯಲ್ಲಿ, ನಂತರದ ವಾರಗಳಲ್ಲಿ ಸತ್ತವರನ್ನೂ ನೆನೆಯೋಣ. ಆ ವರದಿ ಕನ್ನಡದಲ್ಲಿ ಅಚ್ಚಾಗಿ ಬೀದರ್, ಕಲಬುರಗಿ ಜಿಲ್ಲೆಗಳ ಒಂದೊಂದು ಗ್ರಂಥಾಲಯದಲ್ಲೂ ಇರಬೇಕು. ಅಶೋಕ ಧೌಲಿಯಲ್ಲಿ ಬರೆಸದೆ ಬಿಟ್ಟದ್ದನ್ನು ನಮ್ಮ ಗಣರಾಜ್ಯ ಬೀದರಿನಲ್ಲಿ ಬರೆಸಬಲ್ಲದು. ನೊಂದವರ ಊರಿನಲ್ಲಿ, ನೊಂದವರ ಭಾಷೆಯಲ್ಲಿ ಸತ್ಯವನ್ನು ಒಪ್ಪುವುದರಿಂದ ವಿಮೋಚನೆಯ ಬೆಲೆ ಕಡಿಮೆಯಾಗುವುದಿಲ್ಲ.

ವಿದ್ಯಾರ್ಥಿಗಳೇ, ದಂಡಯಾತ್ರೆಯ ನಿರ್ಧಾರ ಕೈಗೊಳ್ಳುವವರು ಕೆಲವೇ ಮಂದಿ. ಅದರ ಬಾಕಿ ತೀರಿಸಲು ಸರ್ಕಾರವನ್ನು ಒತ್ತಾಯಿಸುವ ಅಧಿಕಾರ ಮಾತ್ರ ಪ್ರಜಾಪ್ರಭುತ್ವದಲ್ಲಿ ಪ್ರತಿಯೊಬ್ಬರಿಗೂ ಇದೆ. ಮುಂದೆ ಯಾವ ದೇಶ ಯಾವ ದೇಶದ ಮೇಲೆ ಬಿದ್ದ ಸುದ್ದಿ ಬಂದರೂ, ಅದು ನಮ್ಮದೇ ದೇಶವಾಗಿದ್ದರೂ, ಕೇಳಿ: ಹಾನಿಗೆ ಸಿಕ್ಕವರ ಪಟ್ಟಿ ಎಲ್ಲಿದೆ? ತಪ್ಪನ್ನು ಅವರ ಎದುರಿಗೆ ಒಪ್ಪಿದ್ದೀರಾ? ಹಣ ಯಾರ ಬೊಕ್ಕಸದಿಂದ ಹೊರಟು ಯಾರ ಕೈಗೆ ತಲುಪಿತು? ಇವಕ್ಕೆ ಉತ್ತರ ಸಿಗುವ ತನಕ ಆ ಯುದ್ಧ ಮುಗಿದಿದೆ ಎಂದು ಒಪ್ಪಬೇಡಿ.